ಕರುಳಿಗೆ ರಕ್ತ ಬಂತೇ, ಸಾಕಷ್ಟು ಬಂತೇ?

ಏಪ್ರಿಲ್ ಕಳೆದು ಮಾವಿನಹಣ್ಣು ಅಗ್ಗವಾಗುತ್ತಿದ್ದಂತೆ ಪಶುವೈದ್ಯರಿಗೆ ನಾಯಿಗಳ ಹೊಟ್ಟೆಯಿಂದ ಗೊರಟೆ ತೆಗೆಯುವ ಕೆಲಸ ಶುರುವಾಗುತ್ತದೆ. ಹಣ್ಣಿನ ರಸ ಅಂಟಿರುವ ಗೊರಟೆ ಸಿಕ್ಕರೆ ನಾಯಿ ಒಂದಿಷ್ಟು ನೆಕ್ಕಿ ಇಡಿಯಾಗಿ ನುಂಗಿಬಿಡುತ್ತದೆ. ಜಠರ ದಾಟಿದ ಗೊರಟೆ ಸಣ್ಣ ಕರುಳಿನಲ್ಲಿ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಮೊದಲು ವಾಂತಿ, ಆಮೇಲೆ ಕುಡಿದ ನೀರೂ ನಿಲ್ಲದ ಸ್ಥಿತಿ. ಯಲಹಂಕ, ಆರ್.ಟಿ. ನಗರ, ಯಶವಂತಪುರದ ಕಡೆಯವರು ಇಂಥ ನಾಯಿಯನ್ನು ಆಟೋದಲ್ಲೋ ಕಾರಿನಲ್ಲೋ ಹಾಕಿಕೊಂಡು ಓಡುವುದು ಸಾಮಾನ್ಯವಾಗಿ ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ. 1958ರಲ್ಲಿ ಶುರುವಾದ ಈ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಬಳ್ಳಾರಿ ರಸ್ತೆಯ ಮೇಲ್ಸೇತುವೆಯ ಮೇಲೆ ವಿಮಾನ ನಿಲ್ದಾಣಕ್ಕೆ ಧಾವಿಸುವವರಲ್ಲಿ ಹೆಚ್ಚಿನವರಿಗೆ, ಪಕ್ಕದ ಮರಗಳ ನಡುವೆ ದಿನವೂ ನಾಯಿ, ಬೆಕ್ಕು, ಹಸು, ಕುದುರೆಗಳ ಹೊಟ್ಟೆ ಬಗೆದು ಹೊಲಿಯುವ ಜಾಗವೊಂದಿದೆ ಎಂಬುದು ಗೊತ್ತಿರುವುದಿಲ್ಲ.

ಗೊರಟೆ ತೆಗೆಯುವುದು ಅಂಥ ಕಷ್ಟದ ಕೆಲಸವಲ್ಲ. ಕಷ್ಟ ಎದುರಾಗುವುದು ಅದು ಕುಳಿತಿದ್ದ ಜಾಗದ ಕರುಳನ್ನು ನೋಡಿದಾಗ. ಆರೋಗ್ಯವಂತ ಕರುಳು ತಿಳಿಗುಲಾಬಿ ಬಣ್ಣದಲ್ಲಿ ಹೊಳೆಯುತ್ತದೆ. ಒಳಗಿನಿಂದ ಒತ್ತಿಸಿಕೊಂಡ ಕರುಳು ಕೆಂಪು, ನೇರಳೆ, ಕೆಲವೊಮ್ಮೆ ಕಪ್ಪು. ಕಪ್ಪಾಗಿದ್ದರೆ ನಿರ್ಧಾರ ಸುಲಭ, ಅಷ್ಟನ್ನೂ ಕತ್ತರಿಸಿ ತೆಗೆಯಬೇಕು. ಗುಲಾಬಿಯಾಗಿದ್ದರೆ ಇನ್ನೂ ಸುಲಭ. ನಡುವಿನ ನೇರಳೆಯೇ ತೊಡಕು. ಇದು ಬದುಕುತ್ತದೆಯೇ? ಎಲ್ಲಿಯವರೆಗೆ ಕತ್ತರಿಸಬೇಕು? ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದರೆ ಆ ಹೊಲಿಗೆ ಕೂಡಿಕೊಳ್ಳಲು ಬೇಕಾದಷ್ಟು ರಕ್ತ ಅಲ್ಲಿಗೆ ಬರುತ್ತದೆಯೇ? ತಪ್ಪಿದರೆ ತಪ್ಪು ಅವತ್ತೇ ತಿಳಿಯುವುದಿಲ್ಲ. ನಾಯಿ ಎದ್ದು ಬಾಲ ಆಡಿಸುತ್ತದೆ, ಗಂಜಿ ಕುಡಿಯುತ್ತದೆ. ಮೂರರಿಂದ ಐದನೇ ದಿನದೊಳಗೆ ಹೊಲಿಗೆ ಬಿಟ್ಟು ಕರುಳಿನ ಕಲ್ಮಶ ಹೊಟ್ಟೆಯೊಳಗೆ ಸೋರಿದರೆ ಬದುಕಿಸುವುದು ಬಹಳ ಕಷ್ಟ. ಮನುಷ್ಯರಲ್ಲೂ ಕಥೆ ಇದೇ. ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಸರ್ಜನ್ ಅತಿ ಹೆಚ್ಚು ಅಂಜುವುದು ಈ ಸೋರಿಕೆಗೆ.

ಹೀಗಾಗಿ ಕತ್ತರಿಸಿದ, ಜೋಡಿಸಿದ, ತಿರುಗಿಸಿ ಹೊಲಿದ ಕರುಳಿಗೆ ಎಷ್ಟು ರಕ್ತ ಹೋಗುತ್ತಿದೆ ಎಂದು ಅಳೆಯುವ ವಿದ್ಯೆ ನೂರೈವತ್ತು ವರ್ಷಗಳಿಂದ ಬೆಳೆಯುತ್ತ ಬಂದಿದೆ. ಅದು ಬೆಳೆದದ್ದು ಹೆಚ್ಚಾಗಿ ನಾಯಿ, ಹಂದಿ, ಇಲಿಗಳ ಮೇಲೆ.

ಮೊದಲು ಕರುಳಿನ ರಕ್ತದ ವ್ಯವಸ್ಥೆ ಏನೆಂದು ನೋಡೋಣ. ನಾವು ಸುಮ್ಮನೆ ಕುಳಿತಿರುವಾಗಲೂ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಕಾಲು ಭಾಗ ಹೊಟ್ಟೆಯ ಅಂಗಗಳಿಗೆ ಹೋಗುತ್ತದೆ. ಊಟವಾದ ಮೇಲೆ ಇನ್ನಷ್ಟು. ಕರುಳನ್ನು ಬೆನ್ನಿನ ಕಡೆಗೆ ಹಿಡಿದಿಟ್ಟಿರುವ ಮೆಸೆಂಟರಿ ಎಂಬ ತೆಳುಪೊರೆಯಿದೆ. ಮಹಾಪಧಮನಿಯಿಂದ ಹೊರಟ ನಾಳಗಳು ಆ ಪೊರೆಯೊಳಗೆ ಕವಲೊಡೆದು, ಕವಲುಗಳು ಕಮಾನುಗಳಾಗಿ ಒಂದಕ್ಕೊಂದು ಕೂಡಿಕೊಂಡು, ಕೊನೆಗೆ ಸಣ್ಣ ನೇರ ನಾಳಗಳಾಗಿ ಕರುಳಿನ ಗೋಡೆಗೆ ಇಳಿಯುತ್ತವೆ. ಕಮಾನುಗಳು ಇರುವುದರಿಂದ ಒಂದು ದಾರಿ ಮುಚ್ಚಿದರೂ ಪಕ್ಕದ ದಾರಿಯಿಂದ ರಕ್ತ ಬರಬಹುದು. ಆದರೆ ಕೊನೆಯ ನೇರ ನಾಳಗಳನ್ನು ಸಾಲಾಗಿ ಕಟ್ಟಿಬಿಟ್ಟರೆ ಆ ಭಾಗದ ಗೋಡೆಗೆ ಗತಿಯಿಲ್ಲ. ಗೋಡೆಯ ಒಳಗೂ ಹಂಚಿಕೆ ಸಮನಾಗಿಲ್ಲ. ಬಂದ ರಕ್ತದ ಬಹುಪಾಲು ಆಹಾರ ಹೀರುವ ಒಳಗಿನ ಲೋಳೆಪದರಕ್ಕೇ ಬೇಕು. ಆ ಪದರದಲ್ಲಿ ಕೂದಲೆಳೆಯಷ್ಟು ಸಣ್ಣ ವಿಲ್ಲಸ್‌ಗಳು ನಿಂತಿವೆ. ಕಾಲುವೆಯ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕಟ್ಟಕಡೆಯ ರೈತನ ಗದ್ದೆಯಲ್ಲವೇ, ಹಾಗೆ ರಕ್ತ ಕಡಿಮೆಯಾದಾಗ ಮೊದಲು ಸಾಯುವುದು ವಿಲ್ಲಸ್‌ನ ತುದಿ. ಹೊರಗಿನ ಸ್ನಾಯುಪದರ ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ಸರ್ಜನ್ ಕಣ್ಣಿಗೆ ಕಾಣುವುದು ಹೊರಮೈ. ಸಾವು ಶುರುವಾಗುವುದು ಒಳಮೈಯಲ್ಲಿ. ಈ ವಿಷಯದ ಎಲ್ಲ ಗೊಂದಲಕ್ಕೂ ಇದೇ ಮೂಲ.

ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ಇವತ್ತಿಗೂ ಮೊದಲು ನಡೆಯುವುದು ಹಳೆಯ ಪರೀಕ್ಷೆಯೇ. ಅಡಚಣೆ ತೆಗೆದ ಮೇಲೆ ಉಗುರುಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಹತ್ತು ಹದಿನೈದು ನಿಮಿಷ ಕಾಯುತ್ತಾರೆ. ಬಣ್ಣ ತಿರುಗುತ್ತದೆಯೇ, ಮೆಸೆಂಟರಿಯ ನಾಳಗಳು ಮಿಡಿಯುತ್ತಿವೆಯೇ, ಮೆಲ್ಲಗೆ ಚಿವುಟಿದರೆ ಕರುಳು ಮುದುಡಿ ಅಲೆ ಹರಿಸುತ್ತದೆಯೇ, ಕತ್ತರಿಸಿದ ಅಂಚಿನಿಂದ ಕೆಂಪು ರಕ್ತ ಜಿನುಗುತ್ತದೆಯೇ ಎಂದು ನೋಡುತ್ತಾರೆ. ಹಸುಗಳಲ್ಲೂ ಇದೇ ಕ್ರಮ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ಹಾಲಿನ ಹಸು ಒಮ್ಮೆಲೇ ಹೊಟ್ಟೆಗೆ ಒದ್ದುಕೊಳ್ಳುತ್ತ, ಸಗಣಿ ನಿಂತು ರಕ್ತಮಿಶ್ರಿತ ಲೋಳೆ ಮಾತ್ರ ಹಾಕುತ್ತಿದ್ದರೆ ಒಂದು ತುಂಡು ಕರುಳು ಮುಂದಿನ ತುಂಡಿನೊಳಗೆ ತೂರಿಕೊಂಡಿದೆ ಎಂದು ವೈದ್ಯರು ಶಂಕಿಸುತ್ತಾರೆ. ಬಲಬದಿಯ ಪಕ್ಕೆ ತೆರೆದು, ಆ ಭಾಗವನ್ನು ಹೊರಗೆಳೆದು, ಕತ್ತರಿಸಿ ಜೋಡಿಸಬೇಕು. ಹಸುವಿನ ಸಣ್ಣ ಕರುಳಿನ ಉದ್ದ ನಲವತ್ತು ಮೀಟರಿನ ಆಸುಪಾಸು ಇರುವುದರಿಂದ ಅರ್ಧ ಮೀಟರ್ ಹೆಚ್ಚು ಕತ್ತರಿಸಿದರೆ ನಷ್ಟವೇನಿಲ್ಲ. ಸಂಶಯವಿದ್ದರೆ ತೆಗೆದುಬಿಡು ಎನ್ನುವ ಧೈರ್ಯ ಅಲ್ಲಿ ನಡೆಯುತ್ತದೆ. ಮೊದಲೇ ಬಹುಪಾಲು ಕರುಳು ಕಳೆದುಕೊಂಡ ಕೂಸಿನಲ್ಲಿ ಆ ಧೈರ್ಯ ನಡೆಯುವುದಿಲ್ಲ. ಕುದುರೆಯ ದೊಡ್ಡ ಕರುಳು ತಿರುಚಿಕೊಂಡಾಗಲೂ ನಡೆಯುವುದಿಲ್ಲ, ಏಕೆಂದರೆ ಅಷ್ಟು ಭಾರಿ ಅಂಗವನ್ನು ಪೂರ್ತಿ ತೆಗೆಯಲು ಆಗುವುದೇ ಇಲ್ಲ.

ಅನುಭವಸ್ಥರ ಕಣ್ಣು ಎಷ್ಟು ಸರಿ? ಈ ಪ್ರಶ್ನೆಗೆ ಒಂದು ಖಡಕ್ ಉತ್ತರ 1981ರಲ್ಲಿ ಅಮೆರಿಕದಿಂದ ಬಂತು. ಗ್ರೆಗರಿ ಬಲ್ಕ್ಲಿ ಮತ್ತು ಸಂಗಡಿಗರು 28 ರೋಗಿಗಳ 71 ಸಂಶಯಾಸ್ಪದ ಕರುಳಿನ ತುಂಡುಗಳ ಮೇಲೆ ಮೂರು ವಿಧಾನಗಳನ್ನು ಹೋಲಿಸಿದರು: ಸರ್ಜನ್ನರ ಕಣ್ಣು, ಡಾಪ್ಲರ್ ಶಬ್ದ, ಫ್ಲೋರೆಸಿನ್ ಬಣ್ಣ. ಕಣ್ಣು ಒಟ್ಟಾರೆ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅದೊಂದನ್ನೇ ನಂಬಿದ್ದರೆ ಕತ್ತರಿಸಿ ತೆಗೆಯುವ ತುಂಡುಗಳಲ್ಲಿ ಅರ್ಧದ ಹತ್ತಿರ ಬದುಕಬಲ್ಲವೇ ಆಗಿರುತ್ತಿದ್ದವು. ಅನುಭವಸ್ಥರ ಕಣ್ಣು ಹೆದರುವ ಕಡೆಗೇ ವಾಲುತ್ತದೆ. ಡಾಪ್ಲರ್ ಕಣ್ಣಿಗಿಂತ ಉತ್ತಮವಾಗಲಿಲ್ಲ. ಸಿರೆಗೆ ಚುಚ್ಚಿ ನೇರಳಾತೀತ ದೀಪದಲ್ಲಿ ನೋಡುವ ಫ್ಲೋರೆಸಿನ್ ಬಣ್ಣ ಆ ಅಧ್ಯಯನದಲ್ಲಿ ಎಲ್ಲ ತುಂಡುಗಳ ಗತಿಯನ್ನೂ ಸರಿಯಾಗಿ ಹೇಳಿತು.

ಡಾಪ್ಲರ್ ಸೋತದ್ದು ಕುತೂಹಲದ ಸಂಗತಿ, ಏಕೆಂದರೆ ಆರು ವರ್ಷ ಮೊದಲು, 1975ರಲ್ಲಿ, ರೈಟ್ ಮತ್ತು ಹಾಬ್ಸನ್ ನಾಯಿಗಳ ಕರುಳಿನ ಮೇಲೆ ಪ್ರಯೋಗಿಸಿದಾಗ ಅದು ಭರವಸೆ ಹುಟ್ಟಿಸಿತ್ತು. ಮೆಸೆಂಟರಿ ಅಂಟಿದ ಅಂಚಿನ ಎದುರಿನ ಅಂಚಿಗೆ ಸಣ್ಣ ಪ್ರೋಬ್ ಇಟ್ಟು, ಮಿಡಿತದ ಶಬ್ದ ಕೇಳಿದರೆ ಜೀವ ಇದೆ, ಕೇಳದಿದ್ದರೆ ಇಲ್ಲ ಎನ್ನುವುದು ಲೆಕ್ಕ. ಪ್ರಯೋಗಶಾಲೆಯಲ್ಲಿ ನಾಯಿಯ ನಾಳಗಳನ್ನು ಸರಿಯಾಗಿ ಎಲ್ಲಿಂದ ಎಲ್ಲಿಯವರೆಗೆ ಕಟ್ಟಿದ್ದೇವೆಂದು ಗೊತ್ತಿರುತ್ತದೆ. ಆ ಗಡಿ ಸ್ಪಷ್ಟ. ರೋಗಿಯ ಹೊಟ್ಟೆಯಲ್ಲಿ ರಕ್ತದ ಒತ್ತಡ ಬಿದ್ದಿರುತ್ತದೆ, ಕರುಳು ಊದಿರುತ್ತದೆ, ಅಭಿಧಮನಿಯೂ ಕಟ್ಟಿಕೊಂಡಿರಬಹುದು. ನಾಳವೊಂದು ಮಿಡಿಯುತ್ತಿದ್ದರೂ ಅದರ ಪಕ್ಕದ ಲೋಳೆಪದರ ಸತ್ತಿರಬಹುದು. ರಕ್ತ ಬರುತ್ತಿದೆಯೇ ಎಂಬುದು ಒಂದು ಪ್ರಶ್ನೆ, ಸಾಕಷ್ಟು ಬರುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಈ ವಿದ್ಯೆಯ ಇತಿಹಾಸದಲ್ಲಿ ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೂ ಉತ್ತರವೆಂದು ತಿಳಿದು ಮೋಸಹೋದದ್ದೇ ಹೆಚ್ಚು.

ಎರಡನೆಯ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಟ್ಟ ವಿಧಾನವೊಂದಿದೆ. 1967ರಲ್ಲಿ ರುಡಾಲ್ಫ್ ಮತ್ತು ಹೇಮನ್ ಗರ್ಭದಲ್ಲಿರುವ ಕುರಿಮರಿಗಳ ರಕ್ತ ಪರಿಚಲನೆ ತಿಳಿಯಲು ವಿಕಿರಣಶೀಲ ಸೂಕ್ಷ್ಮಗೋಲಗಳನ್ನು ಬಳಸಿದರು. ಹದಿನೈದು ಮೈಕ್ರಾನ್ ಅಳತೆಯ ಗೋಲಗಳನ್ನು ಹೃದಯದ ಎಡಭಾಗಕ್ಕೆ ಚುಚ್ಚಿದರೆ ಅವು ರಕ್ತದ ಜೊತೆ ಹರಿದು, ತಮಗಿಂತ ಕಿರಿದಾದ ಲೋಮನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಯಾವ ಅಂಗಕ್ಕೆ ಎಷ್ಟು ರಕ್ತವೋ ಅಲ್ಲಿ ಅಷ್ಟು ಗೋಲ. ಮುಂದೆ ಇದನ್ನು ಕರುಳಿಗೂ ಬಳಸಿದಾಗ, ಗೋಡೆಯ ಪದರಗಳನ್ನು ಬಿಡಿಸಿ ಪ್ರತಿಯೊಂದಕ್ಕೂ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಹೋಗುತ್ತಿತ್ತೆಂದು ಹೇಳಲು ಸಾಧ್ಯವಾಯಿತು. ಹಲವು ದಶಕ ಉಳಿದ ವಿಧಾನಗಳನ್ನೆಲ್ಲ ಒರೆಗೆ ಹಚ್ಚಿದ್ದು ಇದಕ್ಕೇ. ಆದರೆ ಎಣಿಸಬೇಕಾದರೆ ಅಂಗವನ್ನು ಹೊರತೆಗೆಯಬೇಕು, ಅಂದರೆ ಪ್ರಾಣಿ ಸಾಯಬೇಕು. ಪ್ರಾಣಿಗಳನ್ನು ಏಕೆ ಬಳಸಿದರು ಎಂದು ಕೇಳುವವರಿಗೆ ಕೊಡಬಹುದಾದ ಅತ್ಯಂತ ಪ್ರಾಮಾಣಿಕ ಉತ್ತರ ಇದು: ಅತ್ಯಂತ ನಿಖರವಾದ ಅಳತೆ ಬದುಕಿ ಮನೆಗೆ ಹೋಗಬೇಕಾದ ರೋಗಿಯಲ್ಲಿ ಸಾಧ್ಯವೇ ಇರಲಿಲ್ಲ. ಈ ಉತ್ತರ ಸಾಕೇ ಎಂಬ ಮಾತಿಗೆ ಮುಂದೆ ಬರುತ್ತೇನೆ.

ಇನ್ನೂ ಹಿಂದಕ್ಕೆ ಹೋದರೆ, 1864ರಲ್ಲಿ ತೀರಿ ಎಂಬಾತ ನಾಯಿಯ ಕರುಳಿನ ಒಂದು ತುಂಡನ್ನು ಅದರ ಮೆಸೆಂಟರಿ ಸಮೇತ ಬೇರೆ ಮಾಡಿ, ಒಂದು ತುದಿ ಮುಚ್ಚಿ, ಇನ್ನೊಂದನ್ನು ಹೊಟ್ಟೆಯ ಚರ್ಮಕ್ಕೆ ಹೊಲಿದ. ಉಳಿದ ಕರುಳನ್ನು ಮತ್ತೆ ಜೋಡಿಸಿದ. ನಾಯಿ ಎಂದಿನಂತೆ ಉಣ್ಣುತ್ತಿತ್ತು, ಬೇರೆ ಮಾಡಿದ ತುಂಡು ರಕ್ತ ಮತ್ತು ನರಗಳ ಸಂಪರ್ಕ ಉಳಿಸಿಕೊಂಡು ಬದುಕಿತ್ತು. ಆಮೇಲೆ ವೆಲ್ಲಾ ಎರಡೂ ತುದಿಗಳನ್ನು ಹೊರಗೆ ತಂದ. ತೀರಿ-ವೆಲ್ಲಾ ಕುಣಿಕೆ ಎಂದು ಇವತ್ತಿಗೂ ಕರೆಯುವ ಈ ರಚನೆ ಕರುಳಿನ ಶರೀರಶಾಸ್ತ್ರದ ದೊಡ್ಡ ಪಾಠಶಾಲೆಯಾಯಿತು. ಆಹಾರ ಹಾಯದ ತುಂಡಿನ ಲೋಳೆಪದರ ದಿನಕಳೆದಂತೆ ತೆಳುವಾಗುತ್ತದೆ. ಅಂದರೆ ಕರುಳಿನ ಆರೋಗ್ಯ ನಾಳಗಳನ್ನು ಉಳಿಸುವುದರಲ್ಲಿ ಮಾತ್ರ ಇಲ್ಲ, ಅದು ಕೆಲಸ ಮಾಡುತ್ತಿರಬೇಕು.

1887ರಲ್ಲಿ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ ನಾಯಿಗಳ ಕರುಳನ್ನು ಸುತ್ತಲೂ ಹೊಲಿದು, ಹೊಲಿಗೆ ಯಾವ ಪದರದಲ್ಲಿ ಹಿಡಿಯುತ್ತದೆ ಎಂದು ಹುಡುಕಿದ. ಅದೇ ಕಾಲದಲ್ಲಿ ಫ್ರಾಂಕ್ಲಿನ್ ಮಾಲ್ ನಾಯಿಯ ಕರುಳಿನ ರಕ್ತನಾಳಗಳ ನಕಾಶೆ ಬರೆದ. ಇಬ್ಬರ ಕೆಲಸವೂ ಬಂದು ನಿಂತದ್ದು ಲೋಳೆಪದರದ ಕೆಳಗಿರುವ ಪದರದ ಮೇಲೆ. ಬಲವಿರುವುದೂ ಅದರಲ್ಲೇ, ಸೂಕ್ಷ್ಮನಾಳಗಳ ಜಾಲವಿರುವುದೂ ಅದರಲ್ಲೇ. ಇವತ್ತು ಹೆಬ್ಬಾಳದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗೆ ಹೊಲಿಗೆ ಆ ಪದರವನ್ನು ಹಿಡಿದಿರಬೇಕು ಎಂದು ಹೇಳಿಕೊಡುವಾಗ ಆ ನಾಯಿಗಳ ಹೆಸರು ಯಾರೂ ಎತ್ತುವುದಿಲ್ಲ. ಇಲ್ಲಿಯೇ ಒಂದು ಮಾತು: ಸುಶ್ರುತಸಂಹಿತೆ ಹರಿದ ಕರುಳಿಗೆ ಕರಿಯ ಇರುವೆಗಳಿಂದ ಕಚ್ಚಿಸಿ, ತಲೆ ಉಳಿಸಿ ದೇಹ ಕತ್ತರಿಸುವ ಉಪಾಯ ಹೇಳುತ್ತದೆ. ಹೆಮ್ಮೆ ಪಡಬಹುದಾದ ಸಂಗತಿಯೇ. ಆದರೆ ಆ ತುದಿಗಳಿಗೆ ರಕ್ತ ಹೋಗುತ್ತಿತ್ತೇ ಎಂದು ಅಳೆಯುವ ವಿದ್ಯೆ ಬೇರೆ, ಅದು ತೀರ ಈಚಿನದು.

ಹೀಗೆ ಅಳೆಯಲು ಒಂದು ಭಾಷೆಯೂ ಬೇಕಿತ್ತು. 1970ರಲ್ಲಿ ಮಾಂಟ್ರಿಯಲ್‌ನಲ್ಲಿ ಚಿಯು ಮತ್ತು ಸಂಗಡಿಗರು ನಾಯಿಗಳ ಕರುಳಿಗೆ ರಕ್ತ ಕಡಿಮೆ ಮಾಡಿ, ಸೂಕ್ಷ್ಮದರ್ಶಕದಲ್ಲಿ ಕಂಡ ಹಾನಿಯನ್ನು ಸೊನ್ನೆಯಿಂದ ಐದರವರೆಗೆ ದರ್ಜೆಗಳಾಗಿ ವಿಂಗಡಿಸಿದರು. ಸೊನ್ನೆ ಎಂದರೆ ಹಾನಿಯಿಲ್ಲದ ವಿಲ್ಲಸ್. ಐದು ಎಂದರೆ ಲೋಳೆಪದರ ಕರಗಿ ಹುಣ್ಣು. ಇಂದಿಗೂ ಇಲಿಯ ಕರುಳಿನ ಅಧ್ಯಯನವಿರಲಿ, ಕುದುರೆಯದಿರಲಿ, ಈ ದರ್ಜೆಗಳದೇ ಮಾತು. ಕೆಳಗಿನ ದರ್ಜೆಗಳ ಹಾನಿಯನ್ನು ಕರುಳು ಕೆಲವೇ ದಿನಗಳಲ್ಲಿ ತಾನೇ ತುಂಬಿಕೊಳ್ಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ನೇರಳೆ ಬಣ್ಣದ ಕರುಳಿಗೆ ಬೆಚ್ಚಗಿನ ಬಟ್ಟೆ ಸುತ್ತಿ ಕಾಯುವುದು ಅರ್ಥವಿಲ್ಲದ ಆಚರಣೆಯಲ್ಲ.

ನನಗೆ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಚೆಂದ ಎನಿಸುವುದು ಕರುಳನ್ನು ಉದ್ದ ಮಾಡುವ ಶಸ್ತ್ರಚಿಕಿತ್ಸೆ. ಕೆಲವು ಶಿಶುಗಳು ಹುಟ್ಟುತ್ತಲೇ ಕರುಳು ತಿರುಚಿಕೊಂಡೋ ಕೊಳೆತೋ ಬಹುಪಾಲನ್ನು ಕಳೆದುಕೊಳ್ಳುತ್ತವೆ. ಉಳಿದ ತುಂಡು ಕಾಲಕ್ರಮೇಣ ಅಗಲವಾಗುತ್ತದೆ, ಬೇಕಾದಷ್ಟು ಉದ್ದವಾಗುವುದಿಲ್ಲ. ಅಗಲವಾದ ಕೊಳವೆಯಲ್ಲಿ ಆಹಾರ ಮುಂದೆ ಸಾಗದೆ ಕೊಳೆಯುತ್ತದೆ. 1980ರಲ್ಲಿ ಏಡ್ರಿಯನ್ ಬಿಯಾಂಕಿ ಎಂಬ ಮಕ್ಕಳ ಸರ್ಜನ್ ಒಂದು ಸಂಗತಿಯನ್ನು ಹಿಡಿದ. ಮೆಸೆಂಟರಿಯಲ್ಲಿ ಎರಡು ಪದರಗಳಿವೆ, ಕರುಳಿನ ಹತ್ತಿರ ನಾಳಗಳು ಕವಲೊಡೆದು ಒಂದಷ್ಟು ಎಡಮೈಗೆ, ಒಂದಷ್ಟು ಬಲಮೈಗೆ ಹೋಗುತ್ತವೆ. ಆ ಎರಡು ಪದರಗಳ ನಡುವೆ ಮೆಲ್ಲಗೆ ದಾರಿ ಬಿಡಿಸಿ, ಕರುಳನ್ನು ಉದ್ದಕ್ಕೆ ಸೀಳಿದರೆ ಎರಡು ಕಿರಿದಾದ ಕೊಳವೆಗಳಾಗುತ್ತವೆ, ಎರಡಕ್ಕೂ ತಮ್ಮದೇ ರಕ್ತವಿರುತ್ತದೆ. ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದರೆ ಉದ್ದ ಎರಡರಷ್ಟು. ಕಾಗದದ ಮೇಲೆ ಇದು ಸೊಗಸು. ಸೀಳಿದ ಪ್ರತಿ ಅರ್ಧಕ್ಕೂ ನಿಜವಾಗಿ ಸಾಕಷ್ಟು ರಕ್ತ ಸಿಗುತ್ತದೆಯೇ? ಬಿಯಾಂಕಿ ಅದನ್ನು ಮಾಡಿ ತೋರಿಸಿದ್ದು ಹಂದಿಗಳಲ್ಲಿ. ಮರುವರ್ಷವೇ ಒಂದು ಮಗುವಿನಲ್ಲಿ ಇದೇ ಶಸ್ತ್ರಚಿಕಿತ್ಸೆ ನಡೆಯಿತು.

2003ರಲ್ಲಿ ಬಾಸ್ಟನ್‌ನ ಮಕ್ಕಳ ಸರ್ಜನ್ನರು ಇನ್ನೂ ಸರಳ ದಾರಿ ಕಂಡುಕೊಂಡರು, ಅದೂ ಹಂದಿಗಳಲ್ಲೇ. ಸ್ಟೇಪ್ಲರ್ ಹಿಡಿದು ಅಗಲವಾದ ಕರುಳನ್ನು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಅರ್ಧಕ್ಕಿಂತ ಹೆಚ್ಚು ಅಗಲಕ್ಕೆ ಅಡ್ಡಲಾಗಿ ಕತ್ತರಿಸುತ್ತ ಹೋದರೆ ಕೊಳವೆ ಅಂಕುಡೊಂಕಾಗಿ ಉದ್ದವಾಗುತ್ತದೆ. ಇಲ್ಲಿ ಮೆಸೆಂಟರಿಯನ್ನು ಬಿಡಿಸುವ ಗೋಜಿಲ್ಲ. ಕರುಳಿನ ಗೋಡೆಯಲ್ಲಿ ನಾಳಗಳು ಉದ್ದಕ್ಕೆ ಓಡುವುದಿಲ್ಲ, ಅಡ್ಡಕ್ಕೆ ಸುತ್ತಿಕೊಳ್ಳುತ್ತವೆ. ಕತ್ತರಿಸುವ ಗೆರೆ ಅವುಗಳಿಗೆ ಸಮಾನಾಂತರವಾಗಿ ಸಾಗುವುದರಿಂದ ಹೆಚ್ಚಿನವು ಉಳಿಯುತ್ತವೆ. ನೂರಾರು ವರ್ಷ ಕರುಳು ಕತ್ತರಿಸಿದವರ ಕಣ್ಣೆದುರೇ ಇದ್ದ ಸಂಗತಿ ಇದು. ರಕ್ತನಾಳದ ದಾರಿಯನ್ನು ನೋಡಿ ಕತ್ತರಿ ಇಡು ಎಂಬ ಮಾತು ಇಷ್ಟು ಚೆನ್ನಾಗಿ ಫಲಿಸಿದ ಉದಾಹರಣೆ ಇನ್ನೊಂದನ್ನು ಕಾಣೆ.

ಈಗ ಹಸಿರು ಬೆಳಕಿನ ಕಾಲ. ಇಂಡೋಸಯನೀನ್ ಗ್ರೀನ್, ಆಸ್ಪತ್ರೆಯವರ ಬಾಯಲ್ಲಿ ಐಸಿಜಿ, 1955ರಲ್ಲಿ ಕೊಡಾಕ್ ಫೋಟೋ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಬಣ್ಣ. 1959ರಿಂದ ಅಮೆರಿಕದಲ್ಲಿ ಮನುಷ್ಯರಿಗೆ ಬಳಸಲು ಅನುಮತಿಯಿದೆ. ಸಿರೆಗೆ ಚುಚ್ಚಿದರೆ ರಕ್ತದ ಪ್ರೋಟೀನಿಗೆ ಅಂಟಿಕೊಂಡು ನಾಳಗಳ ಒಳಗೇ ಉಳಿಯುತ್ತದೆ. ಯಕೃತ್ತು ಅದನ್ನು ನಿಮಿಷಗಳಲ್ಲಿ ಹೊರಹಾಕುವುದರಿಂದ ಮತ್ತೆ ಚುಚ್ಚಿ ಮತ್ತೆ ನೋಡಬಹುದು. ಫ್ಲೋರೆಸಿನ್‌ಗೆ ಈ ಅನುಕೂಲ ಇರಲಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಟ್ಟರೆ ಬಣ್ಣ ಮಿನುಗುತ್ತದೆ, ಕ್ಯಾಮೆರಾ ಅದನ್ನು ಹಿಡಿದು ಪರದೆಯ ಮೇಲೆ ಹಸಿರಾಗಿ ತೋರಿಸುತ್ತದೆ. ರಕ್ತವಿದ್ದಲ್ಲಿ ಹಸಿರು, ಇಲ್ಲದಲ್ಲಿ ಕತ್ತಲೆ. ನಮ್ಮ ನಗರದ ದೊಡ್ಡ ಆಸ್ಪತ್ರೆಗಳ ರೋಬಾಟ್ ಮತ್ತು ಲ್ಯಾಪರೋಸ್ಕೋಪಿ ಯಂತ್ರಗಳಲ್ಲಿ ಈ ಕ್ಯಾಮೆರಾ ಈಗ ಜೊತೆಗೇ ಬರುತ್ತದೆ.

ಪರದೆ ಹಸಿರಾದರೆ ಸರ್ಜನ್ ನಿಟ್ಟುಸಿರು ಬಿಡಬಹುದೇ? ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಕೆಲೆ ಡಿಯಾನಾ ಮತ್ತು ಸಂಗಡಿಗರು ಹಂದಿಗಳಲ್ಲಿ ನೋಡಿದ್ದು ಇದನ್ನೇ. ಕರುಳಿನ ಒಂದು ಭಾಗಕ್ಕೆ ರಕ್ತ ನಿಲ್ಲಿಸಿ ಬಣ್ಣ ಚುಚ್ಚಿದರೆ ಮೊದಲ ಕೆಲವು ಸೆಕೆಂಡುಗಳಲ್ಲಿ ಗಡಿ ಸ್ಪಷ್ಟ. ಕೆಲವು ನಿಮಿಷ ಕಾದರೆ ಪಕ್ಕದ ಕವಲುಗಳಿಂದ ಬಣ್ಣ ಮೆಲ್ಲಗೆ ಹರಡಿ ರಕ್ತವಿಲ್ಲದ ಭಾಗವೂ ಹಸಿರಾಗುತ್ತದೆ. ಕೊನೆಯ ಚಿತ್ರ ನೋಡಿದ ಸರ್ಜನ್ ಸಾಯುತ್ತಿರುವ ಕರುಳಿಗೆ ಹೊಲಿಗೆ ಹಾಕಬಹುದು. ಹಾಗಾಗಿ ಅವರು ಹೊಳಪು ಎಷ್ಟು ಎಂಬುದನ್ನು ಬಿಟ್ಟು, ಎಷ್ಟು ಬೇಗ ಏರಿತು ಎಂಬುದನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿದರು. ಆಮೇಲೆ ಅದೇ ಜಾಗದಿಂದ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್ ಅಳೆದು ತಾಳೆ ನೋಡಿದರು. ಆಮ್ಲಜನಕ ಸಾಲದೆ ಒದ್ದಾಡುವ ಜೀವಕೋಶ ಲ್ಯಾಕ್ಟೇಟ್ ಬಿಡುತ್ತದೆ. ಬೆಳಕು ಹೇಳುವುದು ರಕ್ತ ಬಂದ ಸುದ್ದಿ. ಲ್ಯಾಕ್ಟೇಟ್ ಹೇಳುವುದು ಅದು ಸಾಕಾಯಿತೇ ಎಂಬುದನ್ನು.

ಮನುಷ್ಯರ ಮೇಲಿನ ಪರೀಕ್ಷೆಗಳು ಇನ್ನೂ ಜಗಳವಾಡುತ್ತಿವೆ. 2021ರಲ್ಲಿ ಪ್ರಕಟವಾದ ಅಮೆರಿಕದ ಪಿಲ್ಲರ್-3 ಅಧ್ಯಯನದಲ್ಲಿ ಗುದನಾಳದ ಶಸ್ತ್ರಚಿಕಿತ್ಸೆಯ ನಂತರ ಸೋರಿಕೆ ಐಸಿಜಿ ಬಳಸಿದವರಲ್ಲಿ ಶೇ 9, ಬಳಸದವರಲ್ಲಿ ಶೇ 9.6. ಅಂದರೆ ವ್ಯತ್ಯಾಸವೇ ಇಲ್ಲ ಎನ್ನಬೇಕು. 2023ರಲ್ಲಿ ಬಂದ ಜಪಾನಿನ ಎಸೆನ್ಶಿಯಲ್ ಅಧ್ಯಯನ 850 ರೋಗಿಗಳದು. ಅದರಲ್ಲಿ ಸೋರಿಕೆ ಶೇ 11.8ರಿಂದ 7.6ಕ್ಕೆ ಇಳಿಯಿತು. ಯಾರನ್ನು ನಂಬುವುದು? ಅಮೆರಿಕದ ಅಧ್ಯಯನ ಅರ್ಧಕ್ಕೇ ನಿಂತದ್ದು ಎಂಬುದನ್ನು ಗಮನಿಸಬೇಕು. ಅದಕ್ಕಿಂತ ಮುಖ್ಯ, ಎರಡರಲ್ಲೂ ಹಸಿರು ಸಾಕೇ ಎಂದು ತೀರ್ಮಾನಿಸಿದ್ದು ಮತ್ತೆ ಸರ್ಜನ್ನರ ಕಣ್ಣೇ. ಯಂತ್ರ ಹೊಸದು, ನೋಡುವ ಕಣ್ಣು ಹಳೆಯದು. ಹೊಲಿಗೆ ಬಿಗಿಯಾಗಿ ಎಳೆದಿದ್ದರೆ, ಸೋಂಕಿದ್ದರೆ, ರೋಗಿ ಬಡಕಲಾಗಿದ್ದರೆ ರಕ್ತ ಚೆನ್ನಾಗಿದ್ದರೂ ಸೋರುತ್ತದೆ ಎಂಬುದು ಬೇರೆ.

ಪ್ರಾಣಿಯ ಫಲಿತಾಂಶ ಮನುಷ್ಯನಿಗೆ ಹೊಂದದೆ ಇರುವುದಕ್ಕೆ ಪ್ರಾಣಿಯ ದೇಹರಚನೆಯೂ ಕಾರಣ. ರಕ್ತದ ಒತ್ತಡ ಕುಸಿದಾಗ ನಾಯಿಯಲ್ಲಿ ದೊಡ್ಡ ಹೊಡೆತ ಬೀಳುವುದು ಕರುಳಿನ ಮೇಲೆ, ಬೆಕ್ಕಿನಲ್ಲಿ ಶ್ವಾಸಕೋಶದ ಮೇಲೆ. ಹಂದಿಯ ದೊಡ್ಡ ಕರುಳು ಸುರುಳಿ ಸುತ್ತಿಕೊಂಡಿದೆ, ನಮ್ಮದು ಚೌಕಟ್ಟಿನಂತೆ ಹೊಟ್ಟೆಯ ಸುತ್ತ ಹೋಗುತ್ತದೆ. ಪ್ರಯೋಗದ ಪ್ರಾಣಿ ಎಳೆಯದು, ಆರೋಗ್ಯವಂತ. ರೋಗಿ ಎಪ್ಪತ್ತರ ಅಜ್ಜ, ಸಕ್ಕರೆ ಕಾಯಿಲೆ, ಬೀಡಿ ಚಟ, ಗಡುಸಾದ ನಾಳಗಳು.

ಇಷ್ಟರ ಮೇಲೆ ನೀತಿಯ ಪ್ರಶ್ನೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಗೆ ಅವಕಾಶ ಮಾಡಿದೆ. 1998ರ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಪ್ರಾಣಿ ನೀತಿ ಸಮಿತಿ ಇರಬೇಕು, ನಾಯಿಯಂಥ ದೊಡ್ಡ ಪ್ರಾಣಿಗಳ ಪ್ರಯೋಗಕ್ಕೆ ಕೇಂದ್ರದ ಸಮಿತಿಯ ಒಪ್ಪಿಗೆಯೂ ಬೇಕು. ಬರೀ ಕೈಪಳಗಿಸಿಕೊಳ್ಳಲು ಪ್ರಾಣಿ ಪ್ರಯೋಗ ಆದಷ್ಟೂ ನಡೆಯಬಾರದು ಎಂಬ ಮಾತು ಕಾಯ್ದೆಯಲ್ಲೇ ಇದೆ. ಬದಲಿ ಹುಡುಕು, ಸಂಖ್ಯೆ ಇಳಿಸು, ನೋವು ತಗ್ಗಿಸು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದರು. ಬೆಂಗಳೂರಿಗೆ ಈ ಚರ್ಚೆ ಹೊಸದಲ್ಲ. 2016ರಲ್ಲಿ ಇಲ್ಲಿನ ಔಷಧ ಪರೀಕ್ಷಾ ಸಂಸ್ಥೆಯೊಂದರಿಂದ ನೂರೈವತ್ತಕ್ಕೂ ಹೆಚ್ಚು ಬೀಗಲ್ ನಾಯಿಗಳು ಬಿಡುಗಡೆಯಾಗಿ, 1991ರಲ್ಲಿ ಶುರುವಾದ ಕುಪಾ ಎಂಬ ಪ್ರಾಣಿದಯಾ ಸಂಘಟನೆಯ ಮೂಲಕ ಮನೆಗಳನ್ನು ಸೇರಿದವು. ಅವು ಕರುಳಿನ ಪ್ರಯೋಗದವಲ್ಲ, ಔಷಧಗಳ ವಿಷಪರೀಕ್ಷೆಗೆ ಸಾಕಿದವು. ಆದರೂ ಹುಲ್ಲಿನ ಮೇಲೆ ಕಾಲಿಡಲು ಹೆದರುವ ನಾಯಿಯನ್ನು ಮನೆಗೆ ತಂದುಕೊಂಡವರು ಪ್ರಯೋಗ ಎಂಬ ಶಬ್ದವನ್ನು ಮೊದಲಿನಂತೆ ಕೇಳಲಾರರು.

ಸೂಕ್ಷ್ಮಗೋಲಗಳನ್ನು ಎಣಿಸಲು ಪ್ರಾಣಿ ಸಾಯಲೇಬೇಕಿತ್ತು ಎಂಬ ಉತ್ತರ 1967ರಲ್ಲಿ ಸರಿಯಿತ್ತು ಎಂದು ನಾನು ಒಪ್ಪುತ್ತೇನೆ. ಹಂದಿಗಳಿಲ್ಲದೆ ಕರುಳು ಉದ್ದಮಾಡುವ ಶಸ್ತ್ರಚಿಕಿತ್ಸೆ ಮಗುವಿನ ಮೇಲೆ ನೇರವಾಗಿ ಆಗಬಾರದಿತ್ತು ಎಂದೂ ಒಪ್ಪುತ್ತೇನೆ. ಆದರೆ ಆರೋಗ್ಯವಂತ ನಾಯಿಯ ಕರುಳಿನ ನಾಳ ಕಟ್ಟಿ ಬಣ್ಣ ನೋಡುವ ಪ್ರಯೋಗವನ್ನು ಮತ್ತೊಮ್ಮೆ, ಮಗದೊಮ್ಮೆ ಮಾಡುವುದಕ್ಕೆ ಈಗ ಅದೇ ಸಮರ್ಥನೆ ಸಾಲದು. ಕರುಳು ಕಟ್ಟಿಕೊಂಡ ನಾಯಿಗಳು, ಹಸುಗಳು ಹೆಬ್ಬಾಳದಂಥ ಪಶುಆಸ್ಪತ್ರೆಗಳಿಗೆ ತಾವಾಗಿಯೇ ಬರುತ್ತಿವೆ. ಅವುಗಳ ಕರುಳು ನಿಜವಾದ ಕಾಯಿಲೆಯ ಕರುಳು, ಪ್ರಯೋಗಶಾಲೆಯ ನೀಟಾದ ಗಂಟಿನದಲ್ಲ. ಮಾಲೀಕರ ಒಪ್ಪಿಗೆ ಪಡೆದು, ಹೇಗಿದ್ದರೂ ಮಾಡಬೇಕಾದ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಐಸಿಜಿ ನೋಡಿ, ಒಂದು ಹನಿ ರಕ್ತದಲ್ಲಿ ಲ್ಯಾಕ್ಟೇಟ್ ಅಳೆದು, ತೆಗೆದ ತುಂಡಿನ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಆರನೇ ದಿನ ಪ್ರಾಣಿ ಹೇಗಿದೆ ಎಂದು ಬರೆದಿಟ್ಟರೆ ಅದು ಒಳ್ಳೆಯ ಸಂಶೋಧನೆ. ಅದರ ಲಾಭ ಮೊದಲು ಆ ಪ್ರಾಣಿಗೇ ಸಿಗುತ್ತದೆ. ಇದಕ್ಕೆ ತೊಡಕು ಹಣ. ಮನುಷ್ಯರ ಆಸ್ಪತ್ರೆಗೆ ಮಾಮೂಲಾದ ಅವಕೆಂಪು ಕ್ಯಾಮೆರಾ ಪಶುಆಸ್ಪತ್ರೆಗಳಲ್ಲಿ ಅಪರೂಪ. ಯಾವ ಪ್ರಾಣಿಗಳ ದೇಹದಿಂದ ಈ ವಿದ್ಯೆ ಬಂತೋ ಅವುಗಳ ಪಾಲಿಗೆ ಅದು ಇನ್ನೂ ದುಬಾರಿ. ರಾಜ್ಯ ಸರ್ಕಾರ ಪಶುವೈದ್ಯಕೀಯ ಕಾಲೇಜುಗಳಿಗೆ ಉಪಕರಣ ಕೊಡುವಾಗ ಈ ಕ್ಯಾಮೆರಾಗೂ ಒಂದು ಸಾಲು ಸೇರಿಸಿದರೆ ಬೊಕ್ಕಸ ಬರಿದಾಗುವುದಿಲ್ಲ.

ಓದುಗರೂ ಮಾಡಬಹುದಾದದ್ದು ಇದೆ. ನಿಮ್ಮ ನಾಯಿಗೋ ಹಸುವಿಗೋ ಕರುಳಿನ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದರೆ, ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿ ಎಂದು ವೈದ್ಯರಿಗೆ ಹೇಳಿ, ಅದರ ವಿವರ ಅಧ್ಯಯನಕ್ಕೆ ಬಳಸಿಕೊಳ್ಳಲು ಒಪ್ಪಿಗೆ ಕೊಡಿ. ಹೊಲಿಗೆ ಬಿಚ್ಚಿಸಲು ಬರುವ ದಿನಕ್ಕೆ ಕಾಯದೆ ಮೊದಲ ಐದು ದಿನ ಪ್ರಾಣಿಯ ಮೇವು, ಜ್ವರ, ವಾಂತಿಯ ಮೇಲೆ ಕಣ್ಣಿಡಿ. ಚೇತರಿಸಿಕೊಂಡಿದೆ ಎನಿಸಿದರೂ ಒಂದು ಫೋನ್ ಮಾಡಿ ತಿಳಿಸಿ.